ರಜೆಯ ಇಂಗ್ಲಿಷ್ ಓದಿಗೊಂದು ಜರ್ನಲ್: ಎಂಟು, ಒಂಬತ್ತನೇ ತರಗತಿಯ ಟೀಚರ್‌ಗಳಿಗೆ

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯುವ ದಿನ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಟೀಚರ್ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ರಜೆಯಲ್ಲಿ ಇಂಗ್ಲಿಷ್ ಪುಸ್ತಕ ಓದಿ ಮಕ್ಕಳೇ." ಮಕ್ಕಳೂ "ಆಯ್ತು ಟೀಚರ್" ಅನ್ನುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆದಾಗ ಆ ಮಾತು ಹೇಳಿದವರಿಗೂ ನೆನಪಿಲ್ಲ, ಕೇಳಿದವರಿಗೂ ನೆನಪಿಲ್ಲ. ಯಾವ ಪುಸ್ತಕ, ಅದು ಎಲ್ಲಿ ಸಿಗುತ್ತದೆ, ಓದಿದ ಮೇಲೆ ಎಂತ ಮಾಡುವುದು ಎಂದು ಹೇಳದೆ ಮಕ್ಕಳನ್ನು ಮನೆಗೆ ಕಳಿಸಿದರೆ ಇನ್ನೇನಾದೀತು?

ಈ ಮೂರಕ್ಕೂ ಉತ್ತರ ಕೊಡುವ ಸುಲಭದ ಉಪಾಯ ಓದಿನ ಜರ್ನಲ್. ಒಂದು ನೋಟ್ ಪುಸ್ತಕ, ವಾರಕ್ಕೆ ಮೂರು ಸಲ, ಪ್ರತಿ ಸಲವೂ ಅರ್ಧ ಗಂಟೆ. ಖರ್ಚು ಹೆಚ್ಚಿಲ್ಲ. ಆದರೆ ಮೊದಲ ದಿನದ ತಯಾರಿ ಸರಿಯಾಗಬೇಕು, ಆ ತಯಾರಿ ಶಾಲೆ ಮುಚ್ಚುವ ಮೊದಲೇ ಆಗಬೇಕು. ಎಂಟು, ಒಂಬತ್ತನೇ ತರಗತಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಟೀಚರ್ ಕೈಹಾಕದಿದ್ದರೆ ಮಕ್ಕಳು ತಾವೇ ಶುರು ಮಾಡಿಕೊಳ್ಳಲೂ ಅಡ್ಡಿಯಿಲ್ಲ.

ವಾಚನ ಟಿಪ್ಪಣಿಯಂತೆ ಆಗಬಾರದು

ಕೇರಳದ ಶಾಲೆಗಳಲ್ಲಿ ವಾಚನ ಟಿಪ್ಪಣಿ ಬರೆಸುವ ಪದ್ಧತಿ ಮೊದಲಿನಿಂದಲೂ ಇದೆ. ಒಳ್ಳೆಯ ಪದ್ಧತಿಯೇ. ಆದರೆ ಅದು ಈಗ ಒಂದು ಅಚ್ಚಿಗೆ ಬಿದ್ದಿದೆ: ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಾಶಕರು, ಬೆಲೆ, ಕಥೆಯ ಸಾರಾಂಶ ಹತ್ತು ಸಾಲು, ಕೊನೆಗೆ "ಈ ಪುಸ್ತಕ ನನಗೆ ತುಂಬಾ ಇಷ್ಟವಾಯಿತು." ಪುಸ್ತಕದ ಹಿಂಬದಿ ರಕ್ಷಾಪುಟ ಓದಿದವನಿಗೂ ಇಷ್ಟನ್ನು ಬರೆಯಲು ಬರುತ್ತದೆ. ಜರ್ನಲ್‌ನಲ್ಲಿ ಸಾರಾಂಶಕ್ಕೆ ಜಾಗವೇ ಇಲ್ಲ ಎಂದು ಮೊದಲೇ ಹೇಳಿಬಿಡಿ. ಕಥೆಯಲ್ಲಿ ಏನಾಯಿತು ಎನ್ನುವುದು ಪುಸ್ತಕದಲ್ಲೇ ಇದೆ, ಮತ್ತೆ ಬರೆಯಬೇಕಿಲ್ಲ. ಓದುವಾಗ ನಿನ್ನೊಳಗೆ ಏನಾಯಿತು, ಅದನ್ನು ಬರೆ.

ಇದನ್ನು ಮಕ್ಕಳಿಗೆ ತಿಳಿಸಲು ಆರ್.ಕೆ. ನಾರಾಯಣರ 'ಸ್ವಾಮಿ ಆಂಡ್ ಫ್ರೆಂಡ್ಸ್' ಕಾದಂಬರಿಯ ಒಂದು ಪ್ರಸಂಗ ಸಾಕು. 1935ರ ಪುಸ್ತಕ, ಆದರೂ ಆ ಪ್ರಸಂಗ ನಮ್ಮ ಏಪ್ರಿಲ್ ತಿಂಗಳಿನದೇ. ರಜೆಯಲ್ಲಿ ಅಪ್ಪ ಸ್ವಾಮಿಯನ್ನು ಕೂರಿಸಿಕೊಂಡು ಲೆಕ್ಕ ಮಾಡಿಸುತ್ತಾರೆ. ರಾಮನ ಬಳಿ ಹತ್ತು ಮಾವಿನಹಣ್ಣು, ಅವನಿಗೆ ಹದಿನೈದು ಆಣೆ ಗಳಿಸಬೇಕು, ಕೃಷ್ಣನಿಗೆ ನಾಲ್ಕೇ ಹಣ್ಣು ಸಾಕು, ಅವನು ಎಷ್ಟು ಕೊಡಬೇಕು? ಸ್ವಾಮಿಯ ತಲೆಯಲ್ಲಿ ಲೆಕ್ಕ ಓಡುವುದೇ ಇಲ್ಲ. ಆ ಹಣ್ಣು ಮಾಗಿತ್ತೋ ಇಲ್ಲವೋ ಎಂಬುದೇ ಅವನ ಚಿಂತೆ. ಅಪ್ಪನಿಗೆ ಬೇಕಾದದ್ದು ಆರು ಆಣೆ ಎಂಬ ಉತ್ತರ. ಜರ್ನಲ್‌ಗೆ ಬೇಕಾದದ್ದು ಸ್ವಾಮಿಯ ಆ ಪ್ರಶ್ನೆ. ತರಗತಿಯಲ್ಲಿ ಈ ಪ್ರಸಂಗ ಓದಿ ಹೇಳಿ, ಮಕ್ಕಳು ನಗುತ್ತಾರೆ. ನಕ್ಕ ಮೇಲೆ "ಹೀಗೆ ಕೇಳಬಹುದಾ ಟೀಚರ್?" ಎಂದು ಒಬ್ಬರಾದರೂ ಕೇಳಿಯಾರು. ಕೇಳಬಹುದು.

ಓದುಗ ತನ್ನ ಬದುಕನ್ನು ಜೊತೆಗೆ ತಂದುಕೊಂಡೇ ಓದುತ್ತಾನೆ, ಅರ್ಥ ಹುಟ್ಟುವುದು ಪುಸ್ತಕ ಮತ್ತು ಓದುಗ ಎರಡೂ ಸೇರಿದ ಜಾಗದಲ್ಲಿ ಎಂದು ಅಮೆರಿಕದ ಲೂಯೀಸ್ ರೋಸೆನ್‌ಬ್ಲಾಟ್ 1938ರಲ್ಲೇ ವಾದಿಸಿದ್ದರು. ಈಗ ಜಗತ್ತಿನ ಎಷ್ಟೋ ಶಾಲೆಗಳಲ್ಲಿ ನಡೆಯುವ ಇಂಥ ಜರ್ನಲ್‌ಗಳ ಹಿಂದೆ ಇರುವುದು ಆ ಯೋಚನೆಯೇ.

ಪುಸ್ತಕ ಹುಡುಕುವ ಕೆಲಸ ಮಾರ್ಚ್‌ನಲ್ಲೇ

ಶಾಲೆಯ ಲೈಬ್ರರಿಯ ಇಂಗ್ಲಿಷ್ ಪುಸ್ತಕಗಳನ್ನು ಒಮ್ಮೆ ಬೀರುವಿನಿಂದ ಹೊರಗೆ ತೆಗೆದು ಬೆಂಚಿನ ಮೇಲೆ ಹರಡಿ. ಪುಸ್ತಕದ ಬೆನ್ನು ನೋಡಿ ಮಕ್ಕಳು ಆರಿಸುವುದಿಲ್ಲ, ಕೈಯಲ್ಲಿ ಹಿಡಿದು ಮಗುಚಿ ಆರಿಸುತ್ತಾರೆ. ಪರೀಕ್ಷೆಗಳ ನಡುವೆ ಸಿಗುವ ಒಂದು ಬಿಡುವಿನ ಪೀರಿಯಡ್ ಸಾಕು. ರಜೆಗೆ ಪುಸ್ತಕ ಮನೆಗೆ ಕೊಟ್ಟರೆ ಕಳೆದುಹೋಗುತ್ತದೆ ಎಂಬ ಹೆದರಿಕೆ ಎಲ್ಲ ಶಾಲೆಯಲ್ಲೂ ಇದೆ. ಒಂದೆರಡು ಹೋದೀತು. ಬೀರುವಿನಲ್ಲಿಟ್ಟು ಗೆದ್ದಲಿಗೆ ಕೊಡುವುದಕ್ಕಿಂತ ಅದು ವಾಸಿ ಎಂದು ಹೆಡ್‌ಮಾಸ್ಟರರನ್ನು ಒಪ್ಪಿಸಿ.

ಶಾಲೆಯಲ್ಲಿ ಸಿಗದಿದ್ದರೆ ಊರಿನ ಗ್ರಂಥಾಲಯ. ಲೈಬ್ರರಿ ಕೌನ್ಸಿಲ್‌ನ ಗ್ರಾಮ ಗ್ರಂಥಾಲಯಗಳು ಕೇರಳದ ಉದ್ದಗಲಕ್ಕೂ ಇವೆ, ಗಡಿಯ ನಾವು ಅದರ ಪೂರ್ತಿ ಲಾಭ ಪಡೆದಿಲ್ಲ. ಅಲ್ಲಿ ಮಲಯಾಳಂ ಪುಸ್ತಕವೇ ಹೆಚ್ಚಿರಬಹುದು, ಇಂಗ್ಲಿಷ್ ಎಲ್ಲೋ ಕೆಳಗಿನ ಸಾಲಿನಲ್ಲಿರಬಹುದು. ಕೇಳಿದರೆ ತೆಗೆದುಕೊಡುತ್ತಾರೆ. ಮಕ್ಕಳ ಸದಸ್ಯತ್ವವನ್ನು ಒಟ್ಟಿಗೆ ಮಾಡಿಸಿಬಿಟ್ಟರೆ ಉತ್ತಮ, ಒಂಟಿಯಾಗಿ ಹೋಗಿ ಕೇಳಲು ಎಂಟನೇ ತರಗತಿಯ ಮಗುವಿಗೆ ನಾಚಿಕೆ.

ಮೂರನೆಯ ದಾರಿ ಫೋನು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ತಾಣದಲ್ಲಿ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಒಂದರಿಂದ ನಾಲ್ಕರವರೆಗೆ ಓದಿನ ಹಂತಗಳನ್ನು ಗುರುತಿಸಿದ್ದಾರೆ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಇಂಗ್ಲಿಷ್ ಕಂಡರೆ ಬೆದರುವ ಮಗು ಮೊದಲು ಕನ್ನಡದಲ್ಲಿ ಓದಿಕೊಂಡು ಆಮೇಲೆ ಇಂಗ್ಲಿಷಿಗೆ ಬರಬಹುದು. ಹೈಸ್ಕೂಲಿನವರಿಗೆ ಚಿತ್ರಕಥೆಯೇ ಎಂದು ಮೂಗು ಮುರಿಯಬೇಡಿ. ಕನ್ನಡ ಮಾಧ್ಯಮದ ಒಂದು ಮಗು ನಾಲ್ಕನೇ ಹಂತದ ಹತ್ತು ಕಥೆಗಳನ್ನು ನಿಜವಾಗಿ ಓದಿತು ಎಂದರೆ, ಮುನ್ನೂರು ಪುಟದ ಕಾದಂಬರಿಯನ್ನು ಎರಡು ತಿಂಗಳು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದ್ದಕ್ಕಿಂತ ಅದು ಎಷ್ಟೋ ಮೇಲು.

ಸ್ವಲ್ಪ ಮುಂದುವರಿದವರಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದೆ. 1971ರಲ್ಲಿ ಶುರುವಾದದ್ದು, ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳ ದೊಡ್ಡ ಭಂಡಾರ. ಟಾಗೋರರ 'ಕಾಬೂಲಿವಾಲಾ' ಇರುವ 1916ರ ಇಂಗ್ಲಿಷ್ ಕಥಾಸಂಗ್ರಹ ಅಲ್ಲಿದೆ. ಆ ಕಥೆ ಏಳೆಂಟು ಹಾಳೆಗಿಂತ ಹೆಚ್ಚಾಗದು, ಪ್ರಿಂಟ್ ತೆಗೆಸಿ ಪಿನ್ ಹೊಡೆದು ಕೊಡಿ. ಫೋನಿನಲ್ಲಿ ಓದಿದರೆ ಮಧ್ಯೆ ಕ್ರಿಕೆಟ್ ಸ್ಕೋರ್ ಬರುತ್ತದೆ, ರೀಲ್ಸ್ ಬರುತ್ತದೆ, ಕಥೆ ಮುಗಿಯುವುದಿಲ್ಲ.

ಪುಸ್ತಕ ತಮಗೆ ತಕ್ಕದ್ದೋ ಎಂದು ಮಕ್ಕಳೇ ಪರೀಕ್ಷಿಸುವ ಒಂದು ಹಳೆಯ ಕ್ರಮ ಇದೆ. ನಡುವಿನ ಯಾವುದಾದರೂ ಪುಟ ತೆರೆದು ಓದುವುದು, ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಿಸುವುದು. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಿಸಿಯಾದರೆ ಆ ಪುಸ್ತಕ ಈ ರಜೆಗೆ ಬೇಡ. ಹಾಗೆಯೇ, ಇಪ್ಪತ್ತು ಪುಟ ಓದಿದ ಮೇಲೂ ರುಚಿಸದಿದ್ದರೆ ಬಿಡುವ ಹಕ್ಕು ಇರಲಿ. ಆದರೆ ಯಾಕೆ ಬಿಟ್ಟೆ ಎಂದು ಅರ್ಧ ಪುಟ ಬರೆಯಬೇಕು. ಹಾಗೆ ಸಿಟ್ಟಿನಲ್ಲಿ ಬರೆದ ಅರ್ಧ ಪುಟವೇ ಕೆಲವೊಮ್ಮೆ ಇಡೀ ಜರ್ನಲ್‌ನ ಒಳ್ಳೆಯ ಇಂಗ್ಲಿಷ್ ಆಗಿರುವುದುಂಟು.

ನೋಟ್ ಪುಸ್ತಕ

ಇನ್ನೂರು ಪುಟದ ಗೆರೆ ನೋಟ್. ಬಿಡಿ ಹಾಳೆ ಬೇಡ, ಹಳೆಯ ನೋಟಿನ ಉಳಿದ ಪುಟಗಳಾದರೆ ಸರಿ. ನೋಟ್ ತೆರೆದಾಗ ಕಾಣುವ ಎಡ ಪುಟ ಪುಸ್ತಕದ್ದು, ಬಲ ಪುಟ ಓದುವವರದ್ದು. ಎಡಗಡೆ ತಾರೀಕು, ಪುಟದ ಸಂಖ್ಯೆ, ಅಲ್ಲಿಂದ ಆರಿಸಿದ ಒಂದೋ ಎರಡೋ ವಾಕ್ಯ. ಬಲಗಡೆ ಅದನ್ನು ಓದಿ ಅನಿಸಿದ್ದು. ಕೊನೆಯ ಹತ್ತು ಪುಟ ಪದಗಳಿಗೆ. ಬಣ್ಣದ ಪೆನ್ನು, ಅಂಚಿನಲ್ಲಿ ಹೂಬಳ್ಳಿ, ಬೈಂಡಿಗೆ ಕಾಗದ, ಇವಕ್ಕೆಲ್ಲ ಮಾರ್ಕಿಲ್ಲ ಎಂದು ಮೊದಲೇ ಹೇಳಿ. ಇಲ್ಲವಾದರೆ ಮೊದಲ ವಾರವೆಲ್ಲ ಅಲಂಕಾರದಲ್ಲೇ ಕಳೆಯುತ್ತದೆ.

ಒಂದು ದಿನದ ಬರಹ ಹೇಗಿರುತ್ತದೆ

ಮಾದರಿ ತೋರಿಸದೆ ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ. ಹಾಗಾಗಿ 'ಕಾಬೂಲಿವಾಲಾ'ವನ್ನೇ ತರಗತಿಯಲ್ಲಿ ಒಮ್ಮೆ ಓದಿ, ಬೋರ್ಡಿನ ಮೇಲೆ ಒಂದು ದಿನದ ಬರಹವನ್ನು ಎಲ್ಲರೂ ಸೇರಿ ಮಾಡಿ. ಕಥೆ ಗೊತ್ತಿದ್ದದ್ದೇ. ಒಣಹಣ್ಣು ಮಾರಲು ಕಲ್ಕತ್ತೆಗೆ ಬರುವ ರಹಮುನ್, ಐದು ವರ್ಷದ ಮಿನಿ, ಇಬ್ಬರ ಗೆಳೆತನ. ಸಾಲದ ವಿಷಯದಲ್ಲಿ ಜಗಳವಾಗಿ ಅವನು ಒಬ್ಬನಿಗೆ ಇರಿದು ಜೈಲಿಗೆ ಹೋಗುತ್ತಾನೆ. ವರ್ಷಗಳ ಮೇಲೆ ಬಿಡುಗಡೆಯಾಗಿ ಬರುವ ಹೊತ್ತಿಗೆ ಮಿನಿಯ ಮದುವೆಯ ದಿನ. ಆಗ ಅವನು ಅಂಗಿಯೊಳಗಿನಿಂದ ಒಂದು ಕೊಳೆ ಹಿಡಿದ ಕಾಗದದ ತುಂಡು ತೆಗೆದು ತೋರಿಸುತ್ತಾನೆ. ಊರಿನಲ್ಲಿ ಬಿಟ್ಟುಬಂದ ಮಗಳ ಪುಟ್ಟ ಕೈಗೆ ಮಸಿ ಹಚ್ಚಿ ಒತ್ತಿದ ಗುರುತು.

ಇದನ್ನು ಓದಿ ಒಂಬತ್ತನೇ ತರಗತಿಯ ಮಗುವೊಂದು ಎಡ ಪುಟದಲ್ಲಿ ಹೀಗೆ ಬರೆದೀತು:

"ಇಟ್ ಬೋರ್ ದಿ ಇಂಪ್ರೆಶನ್ ಆಫ್ ಎ ಲಿಟಲ್ ಹ್ಯಾಂಡ್. ನಾಟ್ ಎ ಫೋಟೋಗ್ರಾಫ್."

ಬಲ ಪುಟದಲ್ಲಿ (ಉಪ್ಪ ಎಂದರೆ ಅಪ್ಪ):

"ಐ ಥಾಟ್ ಹೀ ಈಸ್ ಬ್ಯಾಡ್ ಮ್ಯಾನ್ ಬಿಕಾಸ್ ಆಫ್ ನೈಫ್. ನೌ ಐ ಆಮ್ ನಾಟ್ ಶೂರ್. ಮೈ ಉಪ್ಪ ಈಸ್ ಇನ್ ದುಬೈ. ಇನ್ ಹಿಸ್ ಪರ್ಸ್ ಮೈ ಯು.ಕೆ.ಜಿ. ಫೋಟೋ ಈಸ್ ದೇರ್. ಬಟ್ ಐ ಆಮ್ ಇನ್ ನೈನ್ತ್. ವಿ ಹ್ಯಾವ್ ವಿಡಿಯೋ ಕಾಲ್. ಕಾಬೂಲಿವಾಲಾ ಹ್ಯಾಡ್ ನೋ ವಿಡಿಯೋ ಕಾಲ್. ವೈ ಉಪ್ಪ ಈಸ್ ಸ್ಟಿಲ್ ಕೀಪಿಂಗ್ ಓಲ್ಡ್ ಫೋಟೋ?"

ವ್ಯಾಕರಣ ನೋಡಿದರೆ ತಪ್ಪುಗಳಿವೆ. ಆದರೆ ಇಷ್ಟರಲ್ಲಿ ಏನೇನಿದೆ ನೋಡಿ. ಒಬ್ಬ ಪಾತ್ರದ ಬಗ್ಗೆ ಮೊದಲಿದ್ದ ಅಭಿಪ್ರಾಯ, ಅದು ಬದಲಾದ ಜಾಗ, ತನ್ನ ಮನೆಯ ಸಂಗತಿ, ಕಥೆಯ ಕಾಲಕ್ಕೂ ಈಗಿನ ಕಾಲಕ್ಕೂ ಇರುವ ವ್ಯತ್ಯಾಸ, ಕೊನೆಗೆ ಉತ್ತರ ಸಿಗದ ಒಂದು ಪ್ರಶ್ನೆ. ಸಾರಾಂಶ ಬರೆಸಿದ್ದರೆ ಇದರಲ್ಲಿ ಒಂದೂ ಬರುತ್ತಿರಲಿಲ್ಲ. ಗಲ್ಫ್‌ನಲ್ಲಿ ಅಪ್ಪನೋ ಮಾವನೋ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಕಡಿಮೆ, ಈ ಕಥೆ ಇಲ್ಲಿನ ಮಕ್ಕಳಿಗೆ ತಟ್ಟುವಷ್ಟು ಬೇರೆಡೆ ತಟ್ಟುವುದು ಕಷ್ಟ.

ಏನು ಬರೆಯಬೇಕೆಂದು ತೋಚದೆ ಕೂರುವ ಮಕ್ಕಳಿಗೆ ಕೆಲವು ಪ್ರಶ್ನೆಗಳನ್ನು ನೋಟಿನ ಮೊದಲ ಪುಟದಲ್ಲೇ ಬರೆಸಿ. ಓದುತ್ತಾ ಎಲ್ಲಿ ನಿಂತೆ, ಯಾಕೆ? ಈ ಪಾತ್ರದ ಜಾಗದಲ್ಲಿ ನೀನಿದ್ದರೆ ಹಾಗೇ ಮಾಡುತ್ತಿದ್ದೆಯಾ? ಇದು ನಮ್ಮೂರಿನಲ್ಲಿ ನಡೆದಿದ್ದರೆ ಯಾರ ಮನೆಯಲ್ಲಿ, ಯಾವ ಬಸ್‌ಸ್ಟಾಪಿನಲ್ಲಿ ನಡೆಯುತ್ತಿತ್ತು? ಅರ್ಥವೇ ಆಗದ ಒಂದು ಸಾಲು ಯಾವುದು? ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇದು: ಅಧ್ಯಾಯದ ಕೊನೆಯಲ್ಲಿ ಪುಸ್ತಕ ಮುಚ್ಚಿ, ಮುಂದೆ ಏನಾಗುತ್ತದೆ ಎಂದು ಮೂರು ಸಾಲು ಬರೆ, ಆಮೇಲೆ ಪುಟ ತಿರುಗಿಸು. ತನ್ನ ಊಹೆ ಸರಿಯೋ ತಪ್ಪೋ ನೋಡುವ ಆಸೆಗೇ ಮುಂದಿನ ಅಧ್ಯಾಯ ಓದಿ ಮುಗಿದಿರುತ್ತದೆ.

ಕಥೆಯ ಊರಿನ ನಕ್ಷೆ ಬರೆಯುವುದು, ಒಂದು ಪಾತ್ರಕ್ಕೆ ಚೀಟಿ ಬರೆಯುವುದು, ಇವೂ ನಡೆಯಲಿ. "ಬೋರ್ ಆಯ್ತು" ಎಂದು ಬರೆದರೂ ನಡೆಯುತ್ತದೆ, ಆದರೆ ಯಾವ ಪುಟದಿಂದ ಬೋರ್ ಎಂದು ಹೇಳಬೇಕು.

ಯಾವ ಭಾಷೆಯಲ್ಲಿ ಬರೆಯುವುದು

ಇಂಗ್ಲಿಷ್ ಜರ್ನಲ್ ಅಂದಮೇಲೆ ಇಂಗ್ಲಿಷಿನಲ್ಲೇ ಬರೆಯಬೇಕು ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿದರೆ ಬರುವುದು "ಇಟ್ ಈಸ್ ಎ ವೆರಿ ಗುಡ್ ಸ್ಟೋರಿ" ಒಂದೇ. ಮಗುವಿಗೆ ಅನಿಸಿದ್ದು ತುಂಬಾ ಇದ್ದರೂ ಅದರ ಇಂಗ್ಲಿಷ್ ಕೈಯಲ್ಲಿಲ್ಲ, ಹಾಗಾಗಿ ಅನಿಸಿದ್ದನ್ನೇ ಕಿರಿದು ಮಾಡಿಕೊಳ್ಳುತ್ತದೆ.

ನಮ್ಮ ಮಕ್ಕಳ ಸ್ಥಿತಿ ನೋಡಿ. ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳಂ ಇವುಗಳಲ್ಲಿ ಯಾವುದೋ ಒಂದು. ಉಪ್ಪಳದ ಕಡೆ ಉರ್ದು. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಪಂಚಾಯತು ಆಫೀಸಿನಲ್ಲಿ ಮಲಯಾಳಂ. ಪಾಠಕ್ಕೆ ಹಿಂದಿಯೂ ಇದೆ. ಇಷ್ಟರ ಮೇಲೆ ಇಂಗ್ಲಿಷ್. ಇದನ್ನು ಹೊರೆ ಎಂದೇ ಸ್ಟಾಫ್ ರೂಮಿನಲ್ಲಿ ಮಾತಾಡುತ್ತೇವೆ. ಆದರೆ ದಿನಕ್ಕೆ ಹತ್ತು ಸಲ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿ ಅಭ್ಯಾಸವಾದ ಮಗುವಿಗೆ ಮತ್ತೊಂದು ದಾಟುವುದು ಹೊಸ ವಿದ್ಯೆಯಲ್ಲ. ಹತ್ತಾರು ಭಾಷೆ ಬಲ್ಲ ಗೋವಿಂದ ಪೈಗಳು ಬಾಳಿದ ಮಂಜೇಶ್ವರದಲ್ಲಿ ನಿಂತು ಮಕ್ಕಳಿಗೆ ಭಾಷೆ ಬೆರೆಸಬೇಡಿ ಎಂದು ಗದರಿಸುವುದು ಚೆನ್ನಾಗಿಯೂ ಕಾಣುವುದಿಲ್ಲ.

ಆದ್ದರಿಂದ ಹಂತ ಮಾಡಿಕೊಳ್ಳಿ. ಮೊದಲ ಎರಡು ವಾರ ಬಲ ಪುಟ ಕನ್ನಡದಲ್ಲೇ ಇರಲಿ, ಗೊತ್ತಿರುವ ಇಂಗ್ಲಿಷ್ ಪದ ನಡುನಡುವೆ ಬರಲಿ. ಎಡ ಪುಟ ಮಾತ್ರ ಪುಸ್ತಕದ ಇಂಗ್ಲಿಷೇ. ಮೂರನೇ ವಾರದಿಂದ ಬಲ ಪುಟದ ಮೊದಲ ಎರಡು ವಾಕ್ಯ ಇಂಗ್ಲಿಷಿನಲ್ಲಿ, ಉಳಿದದ್ದು ಹೇಗಾದರೂ. ಮೇ ತಿಂಗಳು ಬರುವಾಗ ಪೂರ್ತಿ ಇಂಗ್ಲಿಷ್. ಇಂಗ್ಲಿಷ್ ಪದ ಹೊಳೆಯದಿದ್ದ ಕಡೆ ಪೆನ್ನು ನಿಲ್ಲಿಸುವುದು ಬೇಡ. ಆ ಪದವನ್ನು ಕನ್ನಡದಲ್ಲೋ ತುಳುವಿನಲ್ಲೋ ಬರೆದು ಅಡಿಗೆರೆ ಎಳೆದು ಮುಂದೆ ಹೋಗುವುದು. ಈ ಅಡಿಗೆರೆಗಳು ಟೀಚರ್‌ಗೆ ಬಹಳ ಉಪಯೋಗಕ್ಕೆ ಬರುತ್ತವೆ. ಜೂನ್‌ನಲ್ಲಿ ಮೂವತ್ತು ನೋಟುಗಳ ಅಡಿಗೆರೆ ಪದಗಳನ್ನು ಬೋರ್ಡಿನ ಮೇಲೆ ಬರೆದರೆ, ಹಠ, ಮುನಿಸು, ಸಂಕಟ, ಪುಸಲಾಯಿಸು ಎಂದು ಮಕ್ಕಳಿಗೆ ನಿಜವಾಗಿ ಬೇಕಾದ ಪದಗಳ ಪಟ್ಟಿಯೇ ಸಿಗುತ್ತದೆ. ಯಾವ ಗೈಡಿನಲ್ಲೂ ಇಂಥ ಪಟ್ಟಿ ಇರುವುದಿಲ್ಲ.

ಕನ್ನಡ ಪದ ಹಾಕಿ ಇಂಗ್ಲಿಷ್ ಅರ್ಥ ಹುಡುಕಲು ಅಲರ್ ಎಂಬ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ್ದು, ಒಂದೂವರೆ ಲಕ್ಷದಷ್ಟು ಪದಗಳಿವೆ, 2019ರಿಂದ ಎಲ್ಲರಿಗೂ ತೆರೆದಿದೆ. ಮಲಯಾಳಂ ಹೆಚ್ಚು ಬಲ್ಲ ಮಕ್ಕಳಿಗೆ ಓಳಂ ಎಂಬ ಇಂಗ್ಲಿಷ್-ಮಲಯಾಳಂ ನಿಘಂಟು ಇದೆ. ಒಂದು ಎಚ್ಚರಿಕೆ: ಒಂದು ಪದಕ್ಕೆ ಹತ್ತು ಅರ್ಥ ಕೊಟ್ಟಿದ್ದರೆ ಮಕ್ಕಳು ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ. ಎಲ್ಲವನ್ನೂ ಓದಿ, ತನ್ನ ವಾಕ್ಯಕ್ಕೆ ಹೊಂದುವುದನ್ನು ಆರಿಸಲು ತರಗತಿಯಲ್ಲೇ ಒಮ್ಮೆ ಮಾಡಿ ತೋರಿಸಿ.

ಓದುವಾಗ ಸಿಗುವ ಗೊತ್ತಿಲ್ಲದ ಪದಗಳ ಮಾತು ಬೇರೆ. ಪ್ರತಿ ಪದಕ್ಕೂ ನಿಘಂಟು ತೆರೆದರೆ ಕಥೆ ಸತ್ತುಹೋಗುತ್ತದೆ. ಕೂತಾಗ ಮೂರೇ ಪದ, ಅದೂ ಎರಡನೇ ಸಲ ಕಣ್ಣಿಗೆ ಬಿದ್ದದ್ದು ಮಾತ್ರ, ನೋಟಿನ ಕೊನೆಯ ಹತ್ತು ಪುಟಗಳಿಗೆ ಹೋಗಲಿ.

ಏಪ್ರಿಲ್, ಮೇ ತಿಂಗಳ ಲೆಕ್ಕ

ಎಂಟು ವಾರ, ವಾರಕ್ಕೆ ಮೂರು ಎಂದರೆ ಇಪ್ಪತ್ತನಾಲ್ಕು ಬರಹ. ಇಪ್ಪತ್ತು ಕೇಳಿ. ಏಪ್ರಿಲ್ ನಡುವೆ ವಿಷು, ಅದರ ಹಿಂದೆಮುಂದೆ ಅಜ್ಜನ ಮನೆ, ಮದುವೆ, ಜಾತ್ರೆ, ಭೂತದ ಕೋಲ, ರಾತ್ರಿ ಯಕ್ಷಗಾನದ ಆಟ. ಆ ವಾರ ಯಾರೂ ಓದುವುದಿಲ್ಲ, ಓದಬೇಕೆಂದು ಹೇಳಿ ಅವರಲ್ಲಿ ತಪ್ಪಿತಸ್ಥ ಭಾವ ಹುಟ್ಟಿಸುವುದೂ ಬೇಡ. ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಬರಹ, ಅಷ್ಟೇ. ಹೊತ್ತು ಯಾವುದು ಎಂದು ಮಗುವೇ ನಿರ್ಧರಿಸಲಿ. ಬೆಳಿಗ್ಗೆ ಗೇರುಬೀಜ ಹೆಕ್ಕಲು ಗುಡ್ಡೆಗೆ ಹೋಗುವ ಹುಡುಗನಿಗೆ ಮಧ್ಯಾಹ್ನ ಊಟವಾದ ಮೇಲೆ ಸರಿಯಾದೀತು. ಹಲಸಿನ ಹಪ್ಪಳದ ಸೀಸನ್ನಿನಲ್ಲಿ ಹುಡುಗಿಯರಿಗೆ ಮಧ್ಯಾಹ್ನ ಬಿಡುವೇ ಇರುವುದಿಲ್ಲ, ಇದನ್ನು ಟೀಚರ್‌ಗಳು ಮನೆಯವರ ಕಿವಿಗೆ ಒಂದು ಮಾತು ಹಾಕಬೇಕು. ಹುಡುಗನಿಗೆ ಕ್ರಿಕೆಟ್ ಟೂರ್ನಮೆಂಟಿಗೆ ಬಿಡುವು ಸಿಗುವ ಮನೆಯಲ್ಲಿ ಹುಡುಗಿಗೆ ಅರ್ಧ ಗಂಟೆಯ ಓದಿಗೆ ಸಿಗಬೇಕಲ್ಲ.

ಮೇ ಮೊದಲ ವಾರ ಒಂದು ದಿನ, ಅಕ್ಕಪಕ್ಕದಲ್ಲಿರುವ ನಾಲ್ಕೈದು ಮಕ್ಕಳು ಊರಿನ ಗ್ರಂಥಾಲಯದಲ್ಲೋ ಯಾರದಾದರೂ ಜಗಲಿಯಲ್ಲೋ ಸೇರಿ ನೋಟ್ ಅದಲುಬದಲು ಮಾಡಿಕೊಂಡು ಓದಲಿ. ಒಬ್ಬರ ಬಲ ಪುಟದ ಕೆಳಗೆ ಇನ್ನೊಬ್ಬರು ಎರಡು ಸಾಲು ಬರೆಯಲಿ. ರಜೆಯ ನಡುವೆ ಉತ್ಸಾಹ ಇಳಿಯುವ ಹೊತ್ತಿಗೆ ಇದೊಂದು ನೂಕು. ಓದುವ ಜನ ಇದ್ದಾರೆ ಎಂದು ಗೊತ್ತಾದರೆ ಬರೆಯುವ ಕೈ ಬದಲಾಗುತ್ತದೆ. ಟೀಚರ್‌ಗೆ ವಾಟ್ಸಾಪಿನಲ್ಲಿ ಒಂದು ಪುಟದ ಫೋಟೋ ಕಳಿಸಲೂ ಹೇಳಬಹುದು, ಆದರೆ ಒಂದೇ ಪುಟ. ಗ್ರೂಪಿನಲ್ಲಿ ಎಲ್ಲರದ್ದನ್ನೂ ಹಾಕಿದರೆ ಅಂದದ ಅಕ್ಷರದವರು ಮಾತ್ರ ಉಳಿಯುತ್ತಾರೆ.

ಕೆಂಪು ಪೆನ್ನು ಬೇಡ

ಮೂವತ್ತೈದು ಮಕ್ಕಳು ಇಪ್ಪತ್ತು ಸಲ ಬರೆದರೆ ಏಳುನೂರು ಬರಹ. ಅಷ್ಟನ್ನು ಯಾರಿಂದಲೂ ಓದಲಾಗದು, ಓದಬೇಕಾಗಿಯೂ ಇಲ್ಲ. ತನಗೆ ಮೆಚ್ಚುಗೆಯಾದ ಎರಡು ಬರಹಕ್ಕೆ ಮಗುವೇ ನಕ್ಷತ್ರ ಹಾಕಿ ಕೊಡಲಿ. ಅವೆರಡನ್ನು ಗಮನಕೊಟ್ಟು ಓದಿ, ಉಳಿದವನ್ನು ಕಣ್ಣಾಡಿಸಿ.

ನಕ್ಷತ್ರದ ಬರಹದ ಕೆಳಗೆ ಎರಡು ಸಾಲಿನ ಉತ್ತರ ಬರೆಯಿರಿ. 'ಗುಡ್', 'ವೆರಿ ಗುಡ್' ಉತ್ತರವಲ್ಲ. ಮೇಲಿನ ಉಪ್ಪನ ಫೋಟೋದ ಬರಹಕ್ಕಾದರೆ "ಡಿಡ್ ಯು ಆಸ್ಕ್ ಹಿಮ್? ವಾಟ್ ಡಿಡ್ ಹೀ ಸೇ?" ಎಂದರೆ ಸಾಕು, ಮಗು ಮುಂದಿನ ಪುಟ ತಾನೇ ಬರೆಯುತ್ತದೆ. ತಪ್ಪುಗಳ ವಿಷಯದಲ್ಲಿ ಒಂದು ನೋಟಿಗೆ ಒಂದೇ ಬಗೆಯ ತಪ್ಪು ಎಂದು ಹಾಕಿಕೊಳ್ಳಿ. ಒಬ್ಬನದ್ದು ಎ, ಆನ್, ದ ಬಿಟ್ಟುಹೋಗುವುದಾದರೆ ಅದಷ್ಟೇ, ಅದೂ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ. ಪುಟ ತುಂಬಾ ಕೆಂಪು ಗೀಚಿದ ನೋಟನ್ನು ಮಗು ಮತ್ತೆ ತೆರೆಯುವುದಿಲ್ಲ, ಮುಂದಿನ ವರ್ಷ ತಪ್ಪಾಗದ ಸಣ್ಣ ವಾಕ್ಯಗಳನ್ನೇ ಬರೆಯುತ್ತದೆ. ತಪ್ಪು ತಿದ್ದದೆ ಬಿಟ್ಟರೆ ಇಂಗ್ಲಿಷ್ ಹೇಗೆ ಸುಧಾರಿಸುತ್ತದೆ ಎಂದು ಕೇಳುವವರಿದ್ದಾರೆ. ತಿದ್ದುವುದಕ್ಕೆ ವರ್ಷವಿಡೀ ಕಾಂಪೋಸಿಶನ್ ನೋಟ್ ಇದೆಯಲ್ಲ.

ನಕಲು

ನಕಲು ಬಂದೇ ಬರುತ್ತದೆ. ಮೊದಲೆಲ್ಲ ಅಣ್ಣನ ನೋಟಿನಿಂದ, ಈಗ ಫೋನಿನಲ್ಲಿ ಎ.ಐ.ಗೆ ಕೇಳಿ. ಗುರುತಿಸುವುದು ಕಷ್ಟವೇನಲ್ಲ. ತಪ್ಪಿಲ್ಲದ, ಉದ್ದುದ್ದ ವಾಕ್ಯದ, ಯಾವ ಊರಿನದ್ದೂ ಅಲ್ಲದ ಇಂಗ್ಲಿಷ್ ಒಂದೇ ರಾತ್ರಿಯಲ್ಲಿ ಬಂದಿದ್ದರೆ ಗೊತ್ತಾಗುತ್ತದೆ. ಬೈಯಲು ಹೋಗಬೇಡಿ. ಪುಟದ ಸಂಖ್ಯೆ ಮತ್ತು ತನ್ನ ಮನೆಯದೋ ಊರಿನದೋ ಒಂದು ಸಂಗತಿ ಪ್ರತಿ ಬರಹದಲ್ಲೂ ಇರಬೇಕು ಎಂಬ ನಿಯಮವೇ ಅರ್ಧ ನಕಲನ್ನು ತಡೆಯುತ್ತದೆ. ಅನುಮಾನ ಬಂದರೆ ನೋಟ್ ಮುಚ್ಚಿಸಿ, "ಈ ಕಥೆಯಲ್ಲಿ ನಿನಗೆ ಯಾರ ಮೇಲೆ ಸಿಟ್ಟು ಬಂತು, ಕನ್ನಡದಲ್ಲೇ ಹೇಳು" ಎಂದು ಕೇಳಿ. ಓದಿದವರು ಹೇಳುತ್ತಾರೆ. ಫೋನಿನಲ್ಲಿ ಪದದ ಅರ್ಥ ಕೇಳಲು ಅಡ್ಡಿಯಿಲ್ಲ, ಅನಿಸಿಕೆ ಕೇಳಬಾರದು.

ಮನೆಯವರಿಗೆ

ಇಂಗ್ಲಿಷ್ ಬಾರದ ಅಪ್ಪ ಅಮ್ಮ ಇದರಲ್ಲಿ ತಮ್ಮದೇನೂ ಕೆಲಸವಿಲ್ಲ ಎಂದುಕೊಳ್ಳುತ್ತಾರೆ. ನೋಟಿಗೆ ಸಹಿ ಹಾಕುವುದು ಬೇಡವೇ ಬೇಡ, ಸಹಿ ಎಂದರೆ ತನಿಖೆ. ರಾತ್ರಿ ಊಟದ ಹೊತ್ತಿಗೆ "ಎಂತ ಕಥೆ ಮಗಾ ಅದು, ಹೇಳು ನೋಡುವ" ಎಂದು ಕೇಳಿದರೆ ಸಾಕು. ಇಂಗ್ಲಿಷಿನಲ್ಲಿ ಓದಿದ್ದನ್ನು ತುಳುವಿನಲ್ಲೋ ಕನ್ನಡದಲ್ಲೋ ಅಜ್ಜಿಗೆ ಹೇಳಿ ಮುಗಿಸುವಾಗ ಮಗುವಿಗೆ ತನಗೆ ಎಲ್ಲಿ ಅರ್ಥವಾಗಿಲ್ಲ ಎಂದು ತಾನೇ ಗೊತ್ತಾಗುತ್ತದೆ. ಅಜ್ಜಿ ಕೇಳಿದ ಅಡ್ಡಪ್ರಶ್ನೆಯೂ ಬಲ ಪುಟಕ್ಕೆ ಒಳ್ಳೆಯ ಸರಕು.

ಜೂನ್

ಮೊದಲ ದಿನವೇ ನೋಟುಗಳನ್ನು ಕಟ್ಟು ಕಟ್ಟಿ ಸ್ಟಾಫ್ ರೂಮಿಗೆ ಒಯ್ಯಬೇಡಿ. ಒಂದು ಪೀರಿಯಡ್ ಮಕ್ಕಳು ತಮ್ಮ ತಮ್ಮಲ್ಲೇ ಓದಿ ಮಾತಾಡಿಕೊಳ್ಳಲಿ. ಆಮೇಲೆ ಜರ್ನಲ್‌ನ ಒಂದು ಬರಹವನ್ನು ಪರೀಕ್ಷೆಯ ರೂಪಕ್ಕೆ ತಿರುಗಿಸುವ ಕೆಲಸ. ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪಾತ್ರದ ಡೈರಿ ಬರೆ, ಪತ್ರ ಬರೆ, ಇಬ್ಬರ ಸಂಭಾಷಣೆ ಬರೆ, ಪಾತ್ರಚಿತ್ರಣ ಕೊಡು ಎಂದು ನಾವು ಡಿಸ್ಕೋರ್ಸ್ ಎನ್ನುವ ಪ್ರಶ್ನೆಗಳು ಬರುತ್ತವೆ. ಜರ್ನಲ್ ಬರೆದ ಮಗು ಇದನ್ನೆಲ್ಲ ಹೆಸರು ಗೊತ್ತಿಲ್ಲದೆ ಈಗಾಗಲೇ ಮಾಡಿರುತ್ತದೆ. 'ಕಾಬೂಲಿವಾಲಾ'ದ ಬಲ ಪುಟವನ್ನು ರಹಮುನ್ ಜೈಲಿನಲ್ಲಿ ಬರೆದ ಡೈರಿಯಾಗಿ ಬದಲಿಸು ಎಂದರೆ ಹದಿನೈದು ನಿಮಿಷದ ಕೆಲಸ. ಗೈಡಿನ ಮಾದರಿ ಉತ್ತರ ಬಾಯಿಪಾಠ ಮಾಡಿದವರು ಪ್ರಶ್ನೆ ಸ್ವಲ್ಪ ಬದಲಾದರೆ ಬರೆಯುವ ಮೊದಲು ಪ್ರಶ್ನೆ ಓದಲು ಕೊಡುವ ಹದಿನೈದು ನಿಮಿಷದ ಕೂಲ್ ಆಫ್ ಟೈಮ್ ಪೂರ್ತಿ ಮೇಲೆ ನೋಡುತ್ತಾ ಕೂರುತ್ತಾರೆ. ಎಸ್.ಎಸ್.ಎಲ್.ಸಿ. ಇಂಗ್ಲಿಷಿನಲ್ಲಿ 80 ಬರಹದ ಪರೀಕ್ಷೆಗೆ, 20 ಸಿ.ಇ.ಗೆ, ಎಂದರೆ ವರ್ಷವಿಡೀ ನಡೆಯುವ ನಿರಂತರ ಮೌಲ್ಯಮಾಪನಕ್ಕೆ. ಹತ್ತನೇ ತರಗತಿಗೆ ಬಂದವರ ಜರ್ನಲನ್ನು ಸಿ.ಇ. ಅಂಕಕ್ಕೆ ಲೆಕ್ಕ ಹಿಡಿಯುವುದಾದರೆ ಎಷ್ಟು ಸಲ ಬರೆದಿದ್ದಾರೆ, ಸ್ವಂತದ್ದು ಎಷ್ಟಿದೆ ಎಂದು ನೋಡಿ, ಕಾಗುಣಿತ ನೋಡಿ ಅಲ್ಲ.

ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19ಕ್ಕೆ ವಾಚನಾ ದಿನ, ಅಲ್ಲಿಂದ ಒಂದು ವಾರ ಕಾರ್ಯಕ್ರಮ. ಅಸೆಂಬ್ಲಿಯಲ್ಲಿ ಓದಿನ ಮಹತ್ವದ ಭಾಷಣ ಪ್ರತಿವರ್ಷದಂತೆ ನಡೆಯುತ್ತದೆ. ಈ ಸಲ ಅದರ ಬದಲು ನಾಲ್ಕು ಮಕ್ಕಳು ತಮ್ಮ ಜರ್ನಲ್‌ನಿಂದ ಒಂದೊಂದು ಪುಟ ಓದಲಿ, ಒಂದು ಇಂಗ್ಲಿಷಿನದ್ದು, ಇನ್ನೊಂದು ಬೆರಕೆ ಭಾಷೆಯದ್ದು. ಮನೆಯ ವಿಷಯ ಬರೆದವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ, ಒಪ್ಪದಿದ್ದರೆ ಬಿಟ್ಟುಬಿಡಿ. ಪಿ.ಟಿ.ಎ. ಸಭೆಯಲ್ಲಿ ತೋರಿಸುವಾಗಲೂ ಹಾಗೆಯೇ.

ಖಾಲಿ ನೋಟ್ ತಂದವರು ಇದ್ದೇ ಇರುತ್ತಾರೆ, ತರಗತಿಯಲ್ಲಿ ಕಾಲು ಭಾಗವಾದರೂ. ಅವರನ್ನು ಎಬ್ಬಿಸಿ ನಿಲ್ಲಿಸುವುದು ಬೇಡ. ಸ್ಟೋರಿವೀವರ್‌ನ ಒಂದು ಸಣ್ಣ ಕಥೆಯ ಪ್ರಿಂಟ್ ಕೈಗೆ ಕೊಟ್ಟು, ಲೈಬ್ರರಿ ಪೀರಿಯಡಿನಲ್ಲಿ ಪಕ್ಕದಲ್ಲಿ ಕೂರಿಸಿ, ಎಡ ಪುಟಕ್ಕೆ ಒಂದು ವಾಕ್ಯ ಆರಿಸಲು ಹೇಳಿ. ಬಲ ಪುಟ ಸೋಮವಾರಕ್ಕೆ.